ಪ್ರಕೃತಿ ಚಿಕಿತ್ಸೆ ಮತ್ತು ಗಿಡಮೂಲಿಕೆ ಔಷಧ ಕೋರ್ಸ್: ಮೊದಲ ವರ್ಷದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಈ ಕೋರ್ಸಿಗೆ ಸೇರುವವರಲ್ಲಿ ಕೆಲವರಿಗೆ ಗಿಡಮರ ಅಂದರೆ ಪ್ರಾಣ. ಇನ್ನು ಕೆಲವರಿಗೆ ಕಾಯಿಲೆಯವರ ಆರೈಕೆ ಮಾಡುವ ಆಸೆ. ಇಬ್ಬರಿಗೂ ಮೊದಲ ವರ್ಷ ಸ್ವಲ್ಪ ಶಾಕ್ ಕೊಡುತ್ತದೆ. ಮದ್ದು ಕೊಡುವುದನ್ನು ಕಲಿಯೋಣ ಎಂದು ಬಂದವರ ಕೈಗೆ ಮೂಳೆಗಳ ಪಟ್ಟಿ, ಜೀವಕೋಶದ ಚಿತ್ರ, ಬಾಯಲ್ಲಿ ಹೊರಳದ ಗಿಡದ ಹೆಸರುಗಳು ಬರುತ್ತವೆ. ಸೇರಿದವರು, ಸೇರಬೇಕೋ ಬೇಡವೋ ಎಂದು ಯೋಚಿಸುತ್ತಿರುವವರು ಹೆಚ್ಚಾಗಿ ಕೇಳುವ ಪ್ರಶ್ನೆಗಳು ಇಲ್ಲಿವೆ.

ಮೊದಲ ವರ್ಷದಲ್ಲಿ ನಿಜವಾಗಿ ಏನು ಓದಬೇಕು?

ಕಾಲೇಜಿನಿಂದ ಕಾಲೇಜಿಗೆ ಪಟ್ಟಿ ಸ್ವಲ್ಪ ಬದಲಾಗುತ್ತದೆ, ತಿರುಳು ಬದಲಾಗುವುದಿಲ್ಲ. ಅನಾಟಮಿ (ದೇಹದ ರಚನೆ), ಫಿಸಿಯಾಲಜಿ (ದೇಹ ಕೆಲಸ ಮಾಡುವ ರೀತಿ), ಬಯೋಕೆಮಿಸ್ಟ್ರಿ (ದೇಹದೊಳಗಿನ ರಸಾಯನಶಾಸ್ತ್ರ) ಒಂದು ಕಡೆ. ಬಾಟನಿ, ಗಿಡ ಗುರುತಿಸುವುದು, ಔಷಧ ತಯಾರಿಕೆಯ ಮೊದಲ ಪಾಠ ಇನ್ನೊಂದು ಕಡೆ. ಜೊತೆಗೆ ಪ್ರಕೃತಿ ಚಿಕಿತ್ಸೆಯ ಇತಿಹಾಸ ಮತ್ತು ತತ್ವ, ಆಹಾರ ವಿಜ್ಞಾನ, ರೋಗಿಯ ಜೊತೆ ಮಾತನಾಡುವ ರೀತಿ, ಸಂಶೋಧನಾ ಲೇಖನ ಓದುವುದು. ಮೆಟೀರಿಯಾ ಮೆಡಿಕಾ, ಅಂದರೆ ಒಂದೊಂದು ಗಿಡದ ಗುಣ, ಉಪಯೋಗ, ಪ್ರಮಾಣ, ಅಪಾಯ ಎಲ್ಲ ಸೇರಿದ ಓದು, ಮೊದಲ ವರ್ಷದಲ್ಲಿ ಶುರುವಾಗುತ್ತದೆ ಅಷ್ಟೆ. ಅದರ ದೊಡ್ಡ ಪಾಲು ಮುಂದಿನ ವರ್ಷಗಳದ್ದು.

ಪ್ರಕೃತಿ ಚಿಕಿತ್ಸೆ, ಗಿಡಮೂಲಿಕೆ ಔಷಧ ಎರಡೂ ಒಂದೇ ಅಲ್ವಾ?

ಅಲ್ಲ. ಗಿಡಮೂಲಿಕೆ ಔಷಧದಲ್ಲಿ ಕೆಲಸ ಮಾಡುವುದು ಗಿಡ. ಪ್ರಕೃತಿ ಚಿಕಿತ್ಸೆಯಲ್ಲಿ ನೀರು, ಆಹಾರ, ವ್ಯಾಯಾಮ, ವಿಶ್ರಾಂತಿ, ಬಿಸಿಲು, ಮಸಾಜ್ ಎಲ್ಲ ಬರುತ್ತವೆ. ಕೆಲವು ದೇಶಗಳಲ್ಲಿ ಗಿಡಮೂಲಿಕೆಯನ್ನು ಅದರ ಒಂದು ಭಾಗವಾಗಿ ಕಲಿಸುತ್ತಾರೆ. ಔಷಧವೇ ಬೇಡ, ಗಿಡದ್ದೂ ಬೇಡ ಎನ್ನುವ ಕಟ್ಟಾ ಪ್ರಕೃತಿ ಚಿಕಿತ್ಸಕರೂ ಇದ್ದಾರೆ. ಹೋಮಿಯೋಪತಿ ಪೂರ್ತಿ ಬೇರೆ ಪದ್ಧತಿ. ಅದರಲ್ಲಿ ಔಷಧವನ್ನು ಎಷ್ಟು ತೆಳುಗೊಳಿಸುತ್ತಾರೆ ಎಂದರೆ ಎಷ್ಟೋ ಸಲ ಮೂಲ ವಸ್ತುವಿನ ಒಂದು ಅಣುವೂ ಉಳಿದಿರುವುದಿಲ್ಲ. ಗಿಡಮೂಲಿಕೆಯಲ್ಲಿ ಹಾಗಲ್ಲ. ಅಲ್ಲಿ ಅಣುಗಳು ಧಾರಾಳವಾಗಿ ಇವೆ, ಅದಕ್ಕೇ ಅಷ್ಟು ಎಚ್ಚರ ಬೇಕು.

ಸೈನ್ಸ್ ಓದಿಲ್ಲ. ನನ್ನ ಕೈಲಿ ಆಗುತ್ತಾ?

ಆಗುತ್ತದೆ, ಆದರೆ ಮೊದಲ ಕೆಲವು ತಿಂಗಳು ಬೇರೆಯವರಿಗಿಂತ ಜಾಸ್ತಿ ಓದಬೇಕು. ಜೀವಕೋಶ ಅಂದರೇನು, ಆಮ್ಲ ಮತ್ತು ಕ್ಷಾರ ಅಂದರೇನು, ಅಣುಗಳು ಹೇಗೆ ಸೇರಿಕೊಳ್ಳುತ್ತವೆ ಎಂಬಷ್ಟನ್ನು ಮೊದಲೇ ಓದಿಕೊಂಡರೆ ಬಯೋಕೆಮಿಸ್ಟ್ರಿ ತರಗತಿಯಲ್ಲಿ ಸುಮ್ನೆ ಕೂತು ಬರುವ ಪರಿಸ್ಥಿತಿ ಬರುವುದಿಲ್ಲ. ಕೆಲವು ದೇಶಗಳಲ್ಲಿ ಹೈಸ್ಕೂಲ್ ಮಟ್ಟದ ಜೀವಶಾಸ್ತ್ರ, ರಸಾಯನಶಾಸ್ತ್ರ ಕಡ್ಡಾಯ. ಅರ್ಜಿ ಹಾಕುವ ಮುಂಚೆ ಆ ನಿಯಮ ನೋಡಿಕೊಳ್ಳಿ.

ಗಿಡ ಕಲಿಯಲು ಬಂದವರಿಗೆ ಇಷ್ಟೊಂದು ಫಿಸಿಯಾಲಜಿ ಯಾಕೆ?

ಒಂದೇ ಒಂದು ಬೇರು ಸಾಕು ಇದಕ್ಕೆ ಉತ್ತರ ಹೇಳಲು. ಜ್ಯೇಷ್ಠಮಧು ತಗೊಳ್ಳಿ. ಕೆಮ್ಮಿಗೆ, ಗಂಟಲಿಗೆ ಎಲ್ಲರೂ ಅಗಿಯುವ ಸಿಹಿ ಬೇರು. ಅದರ ಸಿಹಿಗೆ ಕಾರಣ ಗ್ಲಿಸಿರೈಜಿನ್. ಹೊಟ್ಟೆಗೆ ಹೋದ ಮೇಲೆ ಇದು ಇನ್ನೊಂದು ರೂಪಕ್ಕೆ ಬದಲಾಗಿ, ಮೂತ್ರಪಿಂಡದಲ್ಲಿರುವ ಒಂದು ಕಿಣ್ವವನ್ನು ತಡೆಯುತ್ತದೆ. ಆ ಕಿಣ್ವದ ಕೆಲಸ ಕಾರ್ಟಿಸಾಲ್ ಹಾರ್ಮೋನನ್ನು ಅಲ್ಲೇ ಸುಮ್ಮನಾಗಿಸುವುದು. ತಡೆದಾಗ ಕಾರ್ಟಿಸಾಲ್ ಉಳಿದುಕೊಂಡು, ಆಲ್ಡೋಸ್ಟಿರೋನ್ ಎಂಬ ಇನ್ನೊಂದು ಹಾರ್ಮೋನ್ ಮಾಡಬೇಕಾದ ಕೆಲಸವನ್ನು ತಾನೇ ಮಾಡತೊಡಗುತ್ತದೆ. ದೇಹದಲ್ಲಿ ಸೋಡಿಯಂ ಮತ್ತು ನೀರು ನಿಲ್ಲುತ್ತವೆ, ಪೊಟ್ಯಾಸಿಯಂ ಹೊರಗೆ ಹೋಗುತ್ತದೆ, ಬಿಪಿ ಏರುತ್ತದೆ. ಪೊಟ್ಯಾಸಿಯಂ ತೀರಾ ಇಳಿದರೆ ಸ್ನಾಯು ಸೋಲುತ್ತದೆ, ಹೃದಯದ ಬಡಿತ ಏರುಪೇರಾಗುತ್ತದೆ.

ಈಗ ನೋಡಿ, ಬಿಪಿ ಇರುವವರಿಗೆ, ಮೂತ್ರ ಹೆಚ್ಚಿಸುವ ಮಾತ್ರೆ ತಗೊಳ್ಳುವವರಿಗೆ ಈ ಬೇರನ್ನು ದಿನವೂ ಜಾಸ್ತಿ ಕೊಟ್ಟರೆ ಏನಾಗಬಹುದು? ಉತ್ತರ ನಿಮಗೇ ಹೊಳೆಯಿತಲ್ಲ. ಅದು ಹೊಳೆಯಲು ಕಿಡ್ನಿ ಪಾಠ, ಹಾರ್ಮೋನ್ ಪಾಠ, ಕಿಣ್ವದ ಪಾಠ ಮೂರೂ ಬೇಕಾದವು. "ಬಿಪಿ ಇದ್ದವರಿಗೆ ಬೇಡ" ಎಂದು ಸುಮ್ನೆ ಬಾಯಿಪಾಠ ಮಾಡಿದವರು ಪರೀಕ್ಷೆ ಮುಗಿದ ಮೇಲೆ ಮರೆತುಬಿಡುತ್ತಾರೆ.

ಲ್ಯಾಟಿನ್ ಹೆಸರುಗಳನ್ನು ಕಲಿಯಲೇಬೇಕಾ? ಕನ್ನಡ ಹೆಸರು ಸಾಲದಾ?

ಕಲಿಯಲೇಬೇಕು. ಇದರಲ್ಲಿ ರಿಯಾಯಿತಿ ಇಲ್ಲ.

ಬ್ರಾಹ್ಮಿ ಎಂದರೆ ಯಾವ ಗಿಡ? ಕೆಲವರಿಗೆ ಅದು ಒಂದೆಲಗ, ಸೆಂಟೆಲ್ಲಾ ಏಷ್ಯಾಟಿಕಾ. ಇನ್ನು ಕೆಲವರಿಗೆ ನೀರುಬ್ರಾಹ್ಮಿ, ಬಕೋಪಾ ಮೊನ್ನಿಯೇರಿ. ಎರಡೂ ಬೇರೆ ಬೇರೆ ಕುಟುಂಬದ ಗಿಡಗಳು, ಒಳಗಿನ ರಾಸಾಯನಿಕಗಳೂ ಬೇರೆ. ಇಲ್ಲಿ ತಪ್ಪಿದರೆ ಬಹುಶಃ ದೊಡ್ಡ ಅನಾಹುತ ಆಗಲಿಕ್ಕಿಲ್ಲ. ಎಲ್ಲ ಕಡೆ ಹಾಗಲ್ಲ.

1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸುವ ಮಾತ್ರೆಗಳಿಗೆ ಚೀನೀ ಗಿಡಮೂಲಿಕೆ ಬಳಸಿದರು. ಸೇರಬೇಕಿದ್ದುದು ಸ್ಟೆಫೇನಿಯಾ ಟೆಟ್ರಾಂಡ್ರಾ. ಚೀನೀ ಭಾಷೆಯಲ್ಲಿ ಅದರ ಹೆಸರು ಫಾಂಗ್ ಜಿ. ಸೇರಿದ್ದು ಅರಿಸ್ಟೊಲೋಕಿಯಾ ಫಾಂಗ್ಚಿ, ಅದರ ಹೆಸರು ಗ್ವಾಂಗ್ ಫಾಂಗ್ ಜಿ. ಹೆಸರು ಹೆಚ್ಚುಕಮ್ಮಿ ಒಂದೇ, ಒಣಗಿದ ಬೇರು ನೋಡಲೂ ಹೆಚ್ಚು ವ್ಯತ್ಯಾಸ ಕಾಣದು. ಆದರೆ ಎರಡನೆಯದರಲ್ಲಿ ಅರಿಸ್ಟೊಲೋಕಿಕ್ ಆಮ್ಲ ಇದೆ. ನೂರಕ್ಕೂ ಹೆಚ್ಚು ಜನರ ಮೂತ್ರಪಿಂಡ ಹಾಳಾಯಿತು. ಹಲವರಿಗೆ ಡಯಾಲಿಸಿಸ್, ಕಿಡ್ನಿ ಕಸಿ ಬೇಕಾಯಿತು. ಮುಂದೆ ಕೆಲವರಿಗೆ ಮೂತ್ರನಾಳದ ಕ್ಯಾನ್ಸರ್ ಕೂಡ ಬಂತು. 1993ರಲ್ಲಿ ಇದು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಮೇಲೆ ಗಿಡಮೂಲಿಕೆಯ ಓದೇ ಸ್ವಲ್ಪ ಬದಲಾಯಿತು ಎನ್ನಬಹುದು. ಈಗ ಒಳ್ಳೆಯ ಕಾಲೇಜುಗಳು ಈ ಪ್ರಸಂಗವನ್ನು ಮೊದಲ ವರ್ಷದಲ್ಲೇ ಹೇಳುತ್ತವೆ.

ಒಂದು ಗಿಡಕ್ಕೆ ಎರಡು ಪದದ ಹೆಸರು ಎಂಬ ಪದ್ಧತಿಯನ್ನು ಗಟ್ಟಿಮಾಡಿದವನು ಸ್ವೀಡನ್ನಿನ ಲಿನೇಯಸ್, 1753ರಲ್ಲಿ. ಮೊದಲ ಪದ ಜಾತಿ (ಜೀನಸ್), ಎರಡನೆಯದು ಪ್ರಭೇದ (ಸ್ಪೀಷೀಸ್). ಈ ಪದಗಳಲ್ಲೂ ಸುಳಿವು ಇರುತ್ತದೆ. ಆಫಿಸಿನಾಲಿಸ್ ಎಂದು ಬಂದರೆ ಅದು ಹಿಂದೆ ಔಷಧದ ಮಳಿಗೆಯಲ್ಲಿ ಇಡುತ್ತಿದ್ದ ಗಿಡ. ದಿನಕ್ಕೆ ಮೂರು ನಾಲ್ಕು ಹೆಸರು ಬರೆದು, ಜೋರಾಗಿ ಹೇಳಿ ಕಲಿಯಿರಿ. ಪರೀಕ್ಷೆಯ ಹಿಂದಿನ ರಾತ್ರಿ ಇದು ಆಗುವ ಕೆಲಸವಲ್ಲ.

ಗಿಡ ಗುರುತಿಸುವುದನ್ನು ಹೇಗೆ ಕಲಿಸುತ್ತಾರೆ? ಮೊಬೈಲ್ ಆ್ಯಪ್ ಸಾಲದಾ?

ಆ್ಯಪ್ ಒಂದು ಊಹೆ ಕೊಡುತ್ತದೆ. ಊಹೆಯನ್ನು ಪರೀಕ್ಷಿಸುವುದು ನಿಮ್ಮ ಕೆಲಸ. ಅದಕ್ಕೇ ಮೊದಲು ಕುಟುಂಬಗಳನ್ನು ಕಲಿಸುತ್ತಾರೆ. ತುಳಸಿ, ಪುದೀನ ಇರುವ ಲ್ಯಾಮಿಯೇಸಿ ಕುಟುಂಬದಲ್ಲಿ ಕಾಂಡ ಸಾಮಾನ್ಯವಾಗಿ ಚೌಕ. ಬೆರಳಲ್ಲಿ ಹೊರಳಿಸಿದರೆ ಗೊತ್ತಾಗುತ್ತದೆ. ಎಲೆಗಳು ಎದುರುಬದುರು, ಹೂವಿಗೆ ತುಟಿಯ ಆಕಾರ, ಉಜ್ಜಿದರೆ ಹೆಚ್ಚಿನವಕ್ಕೆ ಪರಿಮಳ. ಸೂರ್ಯಕಾಂತಿಯ ಆಸ್ಟರೇಸಿಯಲ್ಲಿ ನಾವು ಒಂದು ಹೂವು ಎಂದುಕೊಳ್ಳುವುದು ನಿಜವಾಗಿ ನೂರಾರು ಪುಟ್ಟ ಹೂಗಳ ಗುಂಪು.

ಕೊತ್ತಂಬರಿ, ಜೀರಿಗೆ, ಸೋಂಪು, ಕ್ಯಾರೆಟ್ ಇರುವ ಏಪಿಯೇಸಿ ಕುಟುಂಬ ಬಂದಾಗ ಮೇಷ್ಟ್ರ ದನಿ ಗಂಭೀರವಾಗುತ್ತದೆ. ಕೊಡೆಯ ಹಾಗೆ ಬಿಚ್ಚಿಕೊಳ್ಳುವ ಹೂಗೊಂಚಲಿನ ಈ ಕುಟುಂಬದಲ್ಲೇ ಹೆಮ್ಲಾಕ್ ಕೂಡ ಇದೆ. ಸಾಕ್ರಟೀಸ್ ಕುಡಿದ ವಿಷ ಅದೇ. ಈ ಕುಟುಂಬದ ಕಾಡುಗಿಡಗಳನ್ನು ಹೊಸಬರು ಕಿತ್ತು ಬಾಯಿಗೆ ಹಾಕಬಾರದು, ಮುಗಿಯಿತು. ಬದನೆ, ಟೊಮೇಟೊ, ಆಲೂಗಡ್ಡೆಯ ಸೊಲನೇಸಿಯಲ್ಲಿ ಉಮ್ಮತ್ತಿಯೂ ಇದೆ ಎಂಬುದನ್ನೂ ನೆನಪಿಡಿ.

ಹರ್ಬೇರಿಯಂ ಮಾಡಿಸುತ್ತಾರೆ. ಗಿಡವನ್ನು ಹೂವು ಅಥವಾ ಕಾಯಿಯ ಸಮೇತ ತಂದು, ಹೀರು ಕಾಗದದ ನಡುವೆ ಒತ್ತಿ ಒಣಗಿಸಿ, ಹಾಳೆಗೆ ಅಂಟಿಸಿ, ಎಲ್ಲಿ, ಯಾವಾಗ, ಎಂಥ ಜಾಗದಲ್ಲಿ ಸಿಕ್ಕಿತು ಎಂದು ಬರೆಯಬೇಕು. ಒತ್ತಿದ ಮೇಲೆ ಹೂವಿನ ಬಣ್ಣ ಹೋಗಿಬಿಡುತ್ತದೆ. ಬಣ್ಣ, ವಾಸನೆ ಎರಡನ್ನೂ ಕೀಳುವಾಗಲೇ ಬರೆದುಕೊಳ್ಳಿ. ಅಳಿವಿನಂಚಿನ ಗಿಡಗಳನ್ನು ಕೀಳಬೇಡಿ, ಫೋಟೋ ಸಾಕು. ಮುಂದೆ ಒಣಗಿದ ಮತ್ತು ಪುಡಿ ಮಾಡಿದ ಮೂಲಿಕೆಯನ್ನು ಕಣ್ಣು, ಮೂಗು, ನಾಲಿಗೆ, ಮೈಕ್ರೋಸ್ಕೋಪ್ ಎಲ್ಲದರಿಂದ ಪರೀಕ್ಷಿಸುವುದು ಬರುತ್ತದೆ. ನಾಲಿಗೆಗೆ ಇಡುವುದು ಏನು ಎಂದು ಖಚಿತವಾದ ಮೇಲೆ ಮಾತ್ರ.

ಇದು ನೈಸರ್ಗಿಕ ಔಷಧ ತಾನೇ? ಕೆಮಿಸ್ಟ್ರಿ ಯಾಕೆ?

ಗಿಡ ಒಂದು ರಾಸಾಯನಿಕ ಕಾರ್ಖಾನೆ. ಓಡಿಹೋಗಲು ಕಾಲಿಲ್ಲದ ಅದು ಹುಳ, ಶಿಲೀಂಧ್ರ, ಮೇಯುವ ಪ್ರಾಣಿಗಳಿಂದ ತನ್ನನ್ನು ಕಾಪಾಡಿಕೊಳ್ಳಲು ಕಹಿ, ಒಗರು, ಘಾಟು ಎಲ್ಲ ತಯಾರಿಸುತ್ತದೆ. ನಮಗೆ ಔಷಧವಾಗುವುದೂ ಹೆಚ್ಚಾಗಿ ಅವೇ. ಆಲ್ಕಲಾಯ್ಡ್, ಗ್ಲೈಕೊಸೈಡ್, ಟ್ಯಾನಿನ್, ಸಪೋನಿನ್, ಫ್ಲೇವನಾಯ್ಡ್, ಸುಗಂಧ ತೈಲ, ಲೋಳೆ ಎಂದು ಗುಂಪು ಮಾಡಿ ಕಲಿಸುತ್ತಾರೆ. ಗುಂಪು ಗೊತ್ತಾದರೆ ಕಾಣದ ಗಿಡದ ಬಗ್ಗೆಯೂ ಒಂದಷ್ಟು ಅಂದಾಜು ಸಿಗುತ್ತದೆ. ಟ್ಯಾನಿನ್ ಇದ್ದರೆ ಬಾಯಿ ಒಗರು, ಕಬ್ಬಿಣದ ಅಂಶ ಹೀರಿಕೊಳ್ಳುವುದು ಕಡಿಮೆ.

ಔಷಧ ತಯಾರಿಸುವ ಲ್ಯಾಬ್ ಹೇಗಿರುತ್ತದೆ?

ಬಹಳ ಜನಕ್ಕೆ ಇದೇ ಇಷ್ಟದ ಕ್ಲಾಸು. ಎಲೆ, ಹೂವಿಗೆ ಬಿಸಿನೀರು ಸುರಿದು ಮುಚ್ಚಿಡುವುದು. ತೊಗಟೆ, ಬೇರಿಗೆ ಕುದಿಸಿ ಕಷಾಯ. ಮುಚ್ಚಳ ಯಾಕೆ ಎಂದರೆ ಸುಗಂಧ ತೈಲ ಹಬೆಯ ಜೊತೆ ಹಾರಿಹೋಗದಿರಲಿ ಎಂದು. ಲೋಳೆ ಬೇಕಾದರೆ ತಣ್ಣೀರಲ್ಲಿ ನೆನೆಸುವುದು. ಇನ್ನು ಟಿಂಕ್ಚರ್, ಅಂದರೆ ಆಲ್ಕೋಹಾಲ್ ಮತ್ತು ನೀರಿನ ಮಿಶ್ರಣದಲ್ಲಿ ನೆನೆಸಿ ತೆಗೆದ ಸಾರ. ಸೀಸೆಯ ಮೇಲೆ 1:5 ಎಂದಿದ್ದರೆ 1 ಗ್ರಾಂ ಗಿಡಕ್ಕೆ 5 ಮಿಲಿಲೀಟರ್ ದ್ರವ. ರಾಳದಂಥವಕ್ಕೆ 90 ಶೇಕಡಾ ಆಲ್ಕೋಹಾಲ್ ಬೇಕು. ಟ್ಯಾನಿನ್ನಿಗೆ 25 ಸಾಕು. ಈ ಲೆಕ್ಕಗಳು ಪರೀಕ್ಷೆಯಲ್ಲಿ ಖಂಡಿತ ಬರುತ್ತವೆ. ಗಣಿತಕ್ಕೆ ಹೆದರುವವರು ಇಲ್ಲಿ ಅಂಕ ಕಳೆದುಕೊಳ್ಳುತ್ತಾರೆ.

ತಯಾರಿಸುವ ರೀತಿ ಎಷ್ಟು ಮುಖ್ಯ ಎಂಬುದಕ್ಕೆ ಮಲೇರಿಯಾ ಔಷಧದ ಕಥೆ ಒಂದೇ ಸಾಕು. ಚೀನಾದ ವಿಜ್ಞಾನಿ ತು ಯೂಯೂ ಅವರ ತಂಡ ಆರ್ಟಿಮೀಸಿಯಾ ಆನುವಾ ಎಂಬ ಗಿಡದ ಸಾರ ತೆಗೆದಾಗ ಫಲಿತಾಂಶ ಒಮ್ಮೆ ಬಂದರೆ ಇನ್ನೊಮ್ಮೆ ಬರುತ್ತಿರಲಿಲ್ಲ. ಸಾವಿರದ ಆರುನೂರಕ್ಕೂ ಹೆಚ್ಚು ವರ್ಷ ಹಳೆಯ ಬರಹವೊಂದರಲ್ಲಿ ಆ ಗಿಡವನ್ನು ನೀರಲ್ಲಿ ನೆನೆಸಿ ಹಿಂಡಿ ರಸ ಕುಡಿಯಲು ಹೇಳಿತ್ತು, ಕುದಿಸುವ ಮಾತೇ ಇರಲಿಲ್ಲ. ಬಿಸಿಯೇ ಅದನ್ನು ಕೆಡಿಸುತ್ತಿರಬಹುದು ಎಂದುಕೊಂಡು ಕಡಿಮೆ ಉಷ್ಣತೆಯಲ್ಲಿ ಈಥರ್ ಎಂಬ ದ್ರಾವಕ ಬಳಸಿ ಸಾರ ತೆಗೆದರು, ಕೆಲಸ ಮಾಡಿತು. ಅದರಿಂದ ಸಿಕ್ಕ ಆರ್ಟಿಮಿಸಿನಿನ್‌ಗಾಗಿ 2015ರಲ್ಲಿ ಅವರಿಗೆ ನೊಬೆಲ್ ಬಂತು. ಹಾಗಂತ ಆ ಗಿಡದ ಟೀ ಕುಡಿದು ಮಲೇರಿಯಾ ವಾಸಿ ಮಾಡಿಕೊಳ್ಳಲು ಹೋಗಬಾರದು. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಬೇಡ ಎಂದೇ ಹೇಳಿದೆ.

ಗಿಡದ ಔಷಧಕ್ಕೆ ಸೈಡ್ ಎಫೆಕ್ಟ್ ಇಲ್ಲ ಅಂತಾರಲ್ಲ?

ಹಾಗೆ ಹೇಳುವವರು ಮೊದಲ ವರ್ಷ ಪಾಸಾಗಿಲ್ಲ ಎಂದುಕೊಳ್ಳಿ. ಪರಿಣಾಮ ಇದೆ ಎಂದ ಮೇಲೆ ಬೇಡದ ಪರಿಣಾಮವೂ ಇರಲೇಬೇಕಲ್ಲ. ಕಾಂಫ್ರಿ ಗಿಡದ ಪೈರೊಲಿಜಿಡಿನ್ ಆಲ್ಕಲಾಯ್ಡ್‌ಗಳು ಯಕೃತ್ತಿಗೆ ವಿಷ. ಎಫೆಡ್ರಾ ಎಂಬ ಗಿಡ ಇದ್ದ ಪೂರಕ ಮಾತ್ರೆಗಳನ್ನು ಅಮೆರಿಕ 2004ರಲ್ಲಿ ನಿಷೇಧಿಸಿತು. 1785ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ ಫಾಕ್ಸ್‌ಗ್ಲವ್ ಗಿಡದ ಬಗ್ಗೆ ಬರೆದಾಗ ಪ್ರಮಾಣದ ಬಗ್ಗೆ ಅಷ್ಟೊಂದು ಎಚ್ಚರ ವಹಿಸಿದ್ದಕ್ಕೂ ಕಾರಣ ಇದೆ. ಹೃದಯಕ್ಕೆ ಮದ್ದಾಗುವ ಅಳತೆಗೂ ವಿಷವಾಗುವ ಅಳತೆಗೂ ಅಂತರ ತೀರಾ ಕಡಿಮೆ.

ನನ್ನ ಅಭಿಪ್ರಾಯದಲ್ಲಿ ಇದಕ್ಕಿಂತ ದೊಡ್ಡ ಸಮಸ್ಯೆ ಬೇರೆ ಔಷಧದ ಜೊತೆಗಿನ ತಿಕ್ಕಾಟ. ಸೇಂಟ್ ಜಾನ್ಸ್ ವರ್ಟ್ ಎಂಬ ಗಿಡವನ್ನು ಸೌಮ್ಯ ಖಿನ್ನತೆಗೆ ಕೊಡುತ್ತಾರೆ, ಅದಕ್ಕೆ ತಕ್ಕಮಟ್ಟಿಗೆ ಪುರಾವೆಯೂ ಇದೆ. ಆದರೆ ಅದು ಯಕೃತ್ತಿನಲ್ಲಿ ಔಷಧಗಳನ್ನು ಒಡೆಯುವ ಕಿಣ್ವಗಳನ್ನು ಹೆಚ್ಚಿಸುತ್ತದೆ. ಆಗ ಬೇರೆ ಮಾತ್ರೆಗಳು ಬೇಗ ಖಾಲಿಯಾಗುತ್ತವೆ. 2000ದಲ್ಲಿ ವರದಿಯಾದ ಪ್ರಕರಣಗಳಲ್ಲಿ ಹೃದಯ ಕಸಿಯಾದ ಇಬ್ಬರ ದೇಹದಲ್ಲಿ, ಕಸಿ ಉಳಿಯಲೆಂದು ಕೊಡುವ ಸೈಕ್ಲೋಸ್ಪೋರಿನ್ ಔಷಧದ ಮಟ್ಟ ಇಳಿದು, ಕಸಿ ಮಾಡಿದ ಹೃದಯವನ್ನು ದೇಹ ತಿರಸ್ಕರಿಸತೊಡಗಿತ್ತು. ಗರ್ಭನಿರೋಧಕ ಮಾತ್ರೆ, ರಕ್ತ ತೆಳುಗೊಳಿಸುವ ವಾರ್ಫರಿನ್, ಎಚ್‌ಐವಿ ಔಷಧಗಳಿಗೂ ಇದೇ ತೊಂದರೆ.

ಹಾಗಾಗಿ ರೋಗಿಯನ್ನು ಕೇಳುವ ಮೊದಲ ಪ್ರಶ್ನೆಗಳಲ್ಲಿ "ಬೇರೆ ಏನೇನು ತಗೊಳ್ತಿದ್ದೀರಿ?" ಇರಲೇಬೇಕು. ಗರ್ಭಿಣಿಯಾ, ಮಗುವಿಗೆ ಹಾಲುಣಿಸುತ್ತಿದ್ದಾರಾ, ಸದ್ಯದಲ್ಲೇ ಆಪರೇಷನ್ ಇದೆಯಾ ಎಂಬುದೂ ಬೇಕು.

ನೀರಿನ ಚಿಕಿತ್ಸೆ, ಉಪವಾಸ ಇವೆಲ್ಲ ಯಾವಾಗ ಬರುತ್ತವೆ?

ನೀರಿನ ಚಿಕಿತ್ಸೆಯ ಮೊದಲ ಪಾಠ ಈ ವರ್ಷವೇ ಇರಬಹುದು. ಇತಿಹಾಸ ಅಂತೂ ಇರುತ್ತದೆ. ತಣ್ಣೀರ ಚಿಕಿತ್ಸೆಯಿಂದ ಹೆಸರಾದ ವಿನ್ಸೆಂಟ್ ಪ್ರೀಸ್‌ನಿಟ್ಸ್ (1799–1851), ಬವೇರಿಯಾದ ಪಾದ್ರಿ ಸೆಬಾಸ್ಟಿಯನ್ ಕ್ನೈಪ್ (1821–1897), ಅದನ್ನು ಅಮೆರಿಕಕ್ಕೆ ಒಯ್ದ ಬೆನೆಡಿಕ್ಟ್ ಲಸ್ಟ್ ಈ ಮೂವರ ಹೆಸರು ಬಂದೇ ಬರುತ್ತದೆ. ಬಿಸಿ ತಾಗಿದಾಗ ಚರ್ಮದ ರಕ್ತನಾಳ ಹಿಗ್ಗುತ್ತದೆ, ತಣ್ಣಗೆ ತಾಗಿದಾಗ ಕುಗ್ಗುತ್ತದೆ. ಒದ್ದೆ ಬಟ್ಟೆಯ ಪಟ್ಟಿ, ತೊಟ್ಟಿ ಸ್ನಾನ ಎಲ್ಲದರ ಹಿಂದೆ ಇದೇ ಇದೆ. ಸಕ್ಕರೆ ಕಾಯಿಲೆಯಿಂದ ಕಾಲಿನ ಸ್ಪರ್ಶ ಹೋದವರಿಗೆ ಬಿಸಿನೀರು ಸುಟ್ಟರೂ ಗೊತ್ತಾಗುವುದಿಲ್ಲ. ಅಂಥವರನ್ನು ಗುರುತಿಸುವುದು ತಂತ್ರ ಕಲಿಯುವುದಕ್ಕಿಂತ ಮುಖ್ಯ. ಉಪವಾಸ ಮೇಲಿನ ವರ್ಷಗಳ ವಿಷಯ, ಮೇಲ್ವಿಚಾರಣೆ ಇಲ್ಲದೆ ಮಾಡಿಸುವಂಥದ್ದಲ್ಲ.

ಡಿಟಾಕ್ಸ್, ಅಂದರೆ ದೇಹದ ವಿಷ ಹೊರಹಾಕುವುದು?

ಯಾವ ವಿಷ, ಎಷ್ಟಿತ್ತು, ಆಮೇಲೆ ಎಷ್ಟಾಯಿತು ಎಂದು ಕೇಳಿ ನೋಡಿ. ಉತ್ತರ ಬರದಿದ್ದರೆ ಅದು ಮಾರಾಟದ ಮಾತು. ಆ ಕೆಲಸಕ್ಕೆ ಯಕೃತ್ತು, ಮೂತ್ರಪಿಂಡ ಇವೆ.

ಸಂಶೋಧನಾ ಲೇಖನ ಓದುವುದು ಬೋರಿಂಗ್ ಅನ್ನಿಸುತ್ತೆ. ಬೇಕೇ ಬೇಕಾ?

ಬೇಕು. ನೆಗಡಿ ಬಂದವರಿಗೆ ಏನೇ ಕೊಟ್ಟರೂ ವಾರದಲ್ಲಿ ಗುಣವಾಗುತ್ತಾರೆ. ಬೆನ್ನುನೋವಿನವರು ನೋವು ವಿಪರೀತ ಆದಾಗಲೇ ನಿಮ್ಮ ಬಳಿ ಬರುತ್ತಾರೆ. ಅಲ್ಲಿಂದ ಅದು ತಾನಾಗಿಯೇ ಇಳಿಯುವ ಸಾಧ್ಯತೆಯೇ ಹೆಚ್ಚು. ಎರಡೂ ಕಡೆ ಹೆಸರು ಬರುವುದು ಮದ್ದಿಗೆ. ಈ ಭ್ರಮೆಯನ್ನು ಕಳೆಯಲು ಇರುವ ದಾರಿಯೇ ಹೋಲಿಕೆ ಗುಂಪು ಇಟ್ಟು, ಚೀಟಿ ಎತ್ತಿದ ಹಾಗೆ ಜನರನ್ನು ಹಂಚಿ ಮಾಡುವ ಪ್ರಯೋಗ. ಇಲಿಯ ಮೇಲೆ, ಗಾಜಿನ ತಟ್ಟೆಯಲ್ಲಿ ಕಂಡ ಫಲಿತಾಂಶ ಮನುಷ್ಯರಿಗೂ ಅನ್ವಯಿಸುತ್ತದೆ ಎಂದು ಹೇಳಬಾರದು ಎಂಬುದನ್ನು ಈ ವರ್ಷವೇ ರೂಢಿ ಮಾಡಿಕೊಳ್ಳಿ. ಗಿಡಗಳ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುರೋಪಿನ ಔಷಧ ಏಜೆನ್ಸಿ ಪ್ರಕಟಿಸಿರುವ ಮಾನೋಗ್ರಾಫ್‌ಗಳು, ಅಂದರೆ ಒಂದೊಂದು ಗಿಡದ ಬಗೆಗಿನ ಮಾಹಿತಿ ಪುಸ್ತಿಕೆಗಳು, ಉಚಿತವಾಗಿ ಸಿಗುತ್ತವೆ. ಶುರು ಮಾಡಲು ಅವು ಒಳ್ಳೆಯವು.

ಮನೆಯವರು, ಸ್ನೇಹಿತರು ಮದ್ದು ಕೇಳುತ್ತಾರೆ. ಏನು ಹೇಳಲಿ?

ಸೇರಿದ ವಾರದಿಂದಲೇ ಶುರುವಾಗುತ್ತದೆ ಇದು. ಕೊಡಬೇಡಿ. "ಇನ್ನೂ ಓದ್ತಿದ್ದೀನಿ, ಡಾಕ್ಟರಿಗೆ ತೋರಿಸಿ" ಎಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಮಾಡಿಕೊಂಡರೂ ಪರವಾಗಿಲ್ಲ. ಈ ವರ್ಷ ಕ್ಲಿನಿಕ್ಕಿಗೆ ಹೋದರೂ ಮೂಲೆಯಲ್ಲಿ ಕೂತು ನೋಡುವುದಷ್ಟೇ ನಿಮ್ಮ ಕೆಲಸ.

ತಕ್ಷಣ ಆಸ್ಪತ್ರೆಗೆ ಕಳಿಸಬೇಕಾದ ಲಕ್ಷಣಗಳನ್ನು ಮಾತ್ರ ಈಗಲೇ ಕಲಿತುಬಿಡಿ. ಎದೆನೋವು, ಒಂದು ಕಡೆ ಕೈಕಾಲು ಸೋಲುವುದು, ಇದ್ದಕ್ಕಿದ್ದಂತೆ ಹಿಂದೆಂದೂ ಬಾರದಂಥ ತಲೆನೋವು, ಜ್ವರದ ಜೊತೆ ಕತ್ತು ಬಿಗಿಯುವುದು, ಉಸಿರಾಟದ ತೊಂದರೆ. ಕಾರಣವಿಲ್ಲದೆ ತೂಕ ಇಳಿಯುವುದು, ಮಲದಲ್ಲಿ ರಕ್ತ ಇವನ್ನೂ ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಆನ್‌ಲೈನ್ ಕೋರ್ಸ್ ಮಾಡಿದರೆ ನಡೆಯುತ್ತಾ? ಯಾವ ಕೋರ್ಸ್ ಒಳ್ಳೆಯದು?

ಥಿಯರಿ ಆನ್‌ಲೈನಲ್ಲಿ ಕಲಿಯಬಹುದು. ಗಿಡ ಮುಟ್ಟದೆ, ರೋಗಿಯ ನಾಡಿ ಹಿಡಿಯದೆ ಈ ವಿದ್ಯೆ ಬರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಪ್ರಕಟಿಸಿದ ಪ್ರಕೃತಿ ಚಿಕಿತ್ಸಾ ತರಬೇತಿಯ ಮಾನದಂಡದ ಪ್ರಕಾರ ಕನಿಷ್ಠ 1500 ಗಂಟೆಗಳ ಓದು ಬೇಕು, ಅದರಲ್ಲಿ 400 ಗಂಟೆ ಮೇಲ್ವಿಚಾರಣೆಯಲ್ಲಿ ಕ್ಲಿನಿಕಲ್ ತರಬೇತಿ. ವಾರಾಂತ್ಯದ ಸರ್ಟಿಫಿಕೇಟುಗಳನ್ನು ಇದರ ಪಕ್ಕದಲ್ಲಿ ಇಟ್ಟು ನೋಡಿ.

ಕಾನೂನು ಒಂದೊಂದು ದೇಶದಲ್ಲಿ ಒಂದೊಂದು ಥರ. ಭಾರತದಲ್ಲಿ ಪ್ರಕೃತಿ ಚಿಕಿತ್ಸೆಯ ಬಿಎನ್‌ವೈಎಸ್ ಪದವಿ ನಾಲ್ಕೂವರೆ ವರ್ಷ, ಮೇಲೆ ಒಂದು ವರ್ಷ ಇಂಟರ್ನ್‌ಶಿಪ್, ಯೋಗವೂ ಅದರಲ್ಲೇ ಸೇರಿದೆ. ಅಮೆರಿಕ, ಕೆನಡಾದಲ್ಲಿ ಪದವಿಯ ನಂತರ ನಾಲ್ಕು ವರ್ಷದ ಕೋರ್ಸ್, ಲೈಸೆನ್ಸ್ ಕೊಡುವುದು ಕೆಲವು ರಾಜ್ಯ, ಪ್ರಾಂತ್ಯಗಳು ಮಾತ್ರ. ಜರ್ಮನಿಯಲ್ಲಿ ವೈದ್ಯರಲ್ಲದವರು ಪರವಾನಗಿ ಪಡೆದು ಚಿಕಿತ್ಸೆ ಕೊಡಲು ಅವಕಾಶವಿರುವ ಹೈಲ್‌ಪ್ರಾಕ್ಟಿಕರ್ ಕಾನೂನು 1939ರಿಂದ ಇದೆ. ನೀವು ಕೆಲಸ ಮಾಡಬೇಕೆಂದಿರುವ ಜಾಗದಲ್ಲಿ ಆ ಪದವಿಗೆ ಮಾನ್ಯತೆ ಇದೆಯಾ ಎಂದು ಫೀಸು ಕಟ್ಟುವ ಮೊದಲೇ ಸರ್ಕಾರಿ ಮೂಲದಿಂದ ಖಚಿತ ಮಾಡಿಕೊಳ್ಳಿ. ಕಾಲೇಜಿನ ಬ್ರೋಷರ್ ನಂಬಬೇಡಿ. ಮಾತ್ರೆ ನಿಲ್ಲಿಸಿ, ಲಸಿಕೆ ಬೇಡ ಎಂದು ಕ್ಲಾಸಿನಲ್ಲಿ ಹೇಳಿಕೊಡುವ ಜಾಗವಾದರೆ ಎದ್ದು ಬನ್ನಿ.

ಕ್ಲಾಸು ಶುರುವಾಗುವ ಮೊದಲು ಏನು ತಯಾರಿ ಮಾಡಿಕೊಳ್ಳಲಿ?

ದುಬಾರಿ ಪುಸ್ತಕ ಈಗಲೇ ಕೊಳ್ಳಬೇಡಿ, ಸೀನಿಯರ್‌ಗಳ ಹತ್ತಿರ ಸಿಗುತ್ತವೆ. ಹತ್ತು ಪಟ್ಟು ದೊಡ್ಡದು ಮಾಡುವ ಒಂದು ಕೈ ಲೆನ್ಸ್ ತಗೊಳ್ಳಿ. ಅದನ್ನು ಗಿಡದ ಹತ್ತಿರ ಹಿಡಿದು ದೂರದಿಂದ ನೋಡಬಾರದು. ಲೆನ್ಸ್ ಕಣ್ಣಿಗೆ ಒತ್ತಿದ ಹಾಗೆ ಇರಲಿ, ಎಲೆಯನ್ನು ಸ್ಪಷ್ಟ ಕಾಣುವವರೆಗೆ ಅದರ ಹತ್ತಿರ ತನ್ನಿ. ಪಕ್ಕದ ಯಾವುದಾದರೂ ಒಂದೇ ಗಿಡವನ್ನು ಆರಿಸಿಕೊಂಡು ಚಿಗುರು, ಹೂವು, ಕಾಯಿ, ಒಣಗುವುದು ಎಲ್ಲವನ್ನೂ ವರ್ಷಪೂರ್ತಿ ಬರೆದಿಡಿ. ಚಿತ್ರ ಬರೆಯಲು ಬಾರದಿದ್ದರೂ ಪೆನ್ಸಿಲ್ ಹಿಡಿಯಿರಿ, ಅಂಕ ಕೊಡುವವರು ಕಲೆ ನೋಡುವುದಿಲ್ಲ, ಎಲೆ ಎದುರುಬದುರು ಇದೆಯೋ ಒಂದಾದ ಮೇಲೊಂದು ಇದೆಯೋ ಎಂದು ನೋಡುತ್ತಾರೆ.